ಪೂರ್ತಿ ಬಿಲ್ ತೋರಿಸಿ, ಆಮೇಲೆ ಸಹಿ ಹಾಕಿ

ಶಾಲೆಗಳಿಗೆ ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಸ್ಮಾರ್ಟ್ ಬೋರ್ಡ್ ಕೊಳ್ಳುವ ಕಡತಗಳಿಗೆ ಸಹಿ ಹಾಕುವ ಸಚಿವರಿಗೆ, ಅಧಿಕಾರಿಗಳಿಗೆ, ಶಾಲಾ ಮಂಡಳಿಯ ಸದಸ್ಯರಿಗೆ,

ನಮಸ್ಕಾರ.

ಈ ಪತ್ರದ ಮೇಲೆ ಒಬ್ಬರ ಹೆಸರಿಲ್ಲ, ಒಂದು ಇಲಾಖೆಯ ವಿಳಾಸವೂ ಇಲ್ಲ. ನೀವು ಯಾವ ದೇಶದಲ್ಲಿದ್ದರೂ ನಿಮ್ಮ ಮೇಜಿಗೆ ಬರುವ ಕಡತ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮೇಲೆ ಸ್ಕ್ರೀನ್ ನೋಡಿ ನಗುತ್ತಿರುವ ಮಕ್ಕಳ ಫೋಟೊ. (ಬೇಜಾರಾಗಿ ಆಕಳಿಸುತ್ತಿರುವ ಮಗುವಿನ ಫೋಟೊ ಯಾವ ಪ್ರಸ್ತಾವದಲ್ಲೂ ಇರುವುದಿಲ್ಲ.) ಒಳಗೆ ಇಷ್ಟು ಸಾವಿರ ಸಾಧನ, ಒಂದಕ್ಕೆ ಇಷ್ಟು ಬೆಲೆ, ಕೆಳಗೆ ಒಟ್ಟು ಮೊತ್ತ. ಅದರ ಕೆಳಗೆ ನಿಮ್ಮ ಸಹಿಗೆ ಜಾಗ.

ನನ್ನ ತಕರಾರು ಇರುವುದು ಆ ಒಟ್ಟು ಮೊತ್ತದ ಬಗ್ಗೆ. ಅದರಲ್ಲಿ ಇರುವುದು ಮೊದಲ ದಿನದ ಖರ್ಚು ಮಾತ್ರ. ಎರಡನೇ ವರ್ಷದಿಂದ ಶುರುವಾಗುವ ಖರ್ಚು ಬೇರೆ ಬೇರೆ ತಲೆಬರಹದ ಕೆಳಗೆ, ಬೇರೆ ಬೇರೆ ಕಡತಗಳಲ್ಲಿ ಹಂಚಿಹೋಗುತ್ತದೆ. ಕರೆಂಟ್ ಬಿಲ್ ಒಂದು ಕಡೆ, ರಿಪೇರಿ ಇನ್ನೊಂದು ಕಡೆ, ಲೈಸೆನ್ಸ್ ಮತ್ತೊಂದು ಕಡೆ. ಎಲ್ಲವನ್ನೂ ಕೂಡಿಸಿ ನೋಡುವ ಕೆಲಸ ಯಾರದ್ದೂ ಅಲ್ಲ. ತೆರಿಗೆ ಕಟ್ಟುವ ನಮಗಂತೂ ಅದು ಕಾಣುವುದೇ ಇಲ್ಲ. ಹಾಗಾಗಿ ಈ ಇಡೀ ಪತ್ರದಲ್ಲಿ ನಾನು ಕೇಳುವುದು ಒಂದೇ. ಸಹಿ ಹಾಕುವ ಮೊದಲು ಪೂರ್ತಿ ಬಿಲ್ ಜನರ ಮುಂದೆ ಇಡಿ.

ಸುಮ್ನೆ ಅನುಮಾನಕ್ಕೆ ಹೇಳುತ್ತಿಲ್ಲ. ಇದು ಹಲವು ಕಡೆ ಆಗಿಹೋದ ಕಥೆ.

ಅಮೆರಿಕದ ಲಾಸ್ ಏಂಜಲೀಸ್ ಶಾಲಾ ಜಿಲ್ಲೆಯದನ್ನೇ ನೋಡಿ. (ಶಾಲಾ ಜಿಲ್ಲೆ ಅಂದರೆ ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ.) 2013ರಲ್ಲಿ ಅಲ್ಲಿನ ಮಂಡಳಿ ಪ್ರತಿ ವಿದ್ಯಾರ್ಥಿಗೂ ಒಂದು ಐಪ್ಯಾಡ್ ಕೊಡಲು ಹೊರಟಿತು. ಮೊದಲ ಹಂತಕ್ಕೆ 3 ಕೋಟಿ ಡಾಲರ್. ಶಾಲೆಗಳ ವೈಫೈ ಸುಧಾರಣೆಯೂ ಸೇರಿದರೆ ಇಡೀ ಯೋಜನೆಗೆ ಸುಮಾರು 130 ಕೋಟಿ ಡಾಲರ್. ಒಂದೊಂದು ಐಪ್ಯಾಡ್‌ಗೆ ಬಿದ್ದ ಬೆಲೆ 678 ಡಾಲರ್. ಅಂಗಡಿಯಲ್ಲಿ ಸಿಗುವುದಕ್ಕಿಂತ ಅದು ಜಾಸ್ತಿ, ಯಾಕೆಂದರೆ ಅದರೊಳಗೆ ಪಿಯರ್ಸನ್ ಕಂಪನಿಯ ಪಾಠಗಳು ಸೇರಿದ್ದವು. ಖರೀದಿ ಮಾಡುವಾಗ ಆ ಪಾಠಗಳು ಇನ್ನೂ ಪೂರ್ತಿ ತಯಾರಾಗಿರಲಿಲ್ಲ. ಅವುಗಳ ಲೈಸೆನ್ಸ್ ಇದ್ದದ್ದು 3 ವರ್ಷಕ್ಕೆ. ಆಮೇಲೆ ಮತ್ತೆ ದುಡ್ಡು ಕಟ್ಟಬೇಕು. ಕೀಬೋರ್ಡ್ ಬೇರೆ ಇರಲಿಲ್ಲ. ಆನ್‌ಲೈನ್ ಪರೀಕ್ಷೆ ಬರೆಯಲು ಕೀಬೋರ್ಡ್ ಬೇಕಾಗುತ್ತದೆ ಅನ್ನುವುದು ಆಮೇಲೆ ಎದ್ದ ಮಾತು, ಅದಕ್ಕೆ ಬೇರೆ ಖರ್ಚು. ಹಂಚಿದ ಕೆಲವೇ ದಿನಗಳಲ್ಲಿ ಮಕ್ಕಳು ಅದರ ಭದ್ರತಾ ಬೀಗ ಬಿಡಿಸಿ ತಮಗೆ ಬೇಕಾದ ಜಾಲತಾಣಗಳಿಗೆ ಹೋದರು. ಇದು ದೊಡ್ಡ ಸುದ್ದಿಯಾಯಿತು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಇಡೀ ಯೋಜನೆಯಲ್ಲಿ ಮಕ್ಕಳು ನಿಜವಾಗಿ ತಲೆ ಓಡಿಸಿದ್ದು ಅದೊಂದಕ್ಕೇ ಇರಬೇಕು.

2014ರ ಆಗಸ್ಟ್‌ನಲ್ಲಿ ಒಪ್ಪಂದ ನಿಂತಿತು. ಟೆಂಡರ್ ಕರೆಯುವ ಮೊದಲೇ ಅಧಿಕಾರಿಗಳು ಕಂಪನಿಗಳ ಜೊತೆ ಮಾತಾಡಿಕೊಂಡಿದ್ದ ಇಮೇಲ್‌ಗಳು ಹೊರಬಿದ್ದಿದ್ದವು. ಜಿಲ್ಲೆಯ ಮುಖ್ಯಸ್ಥ ಜಾನ್ ಡೀಸಿ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಡಿಸೆಂಬರ್‌ನಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಬಂದು 20 ಪೆಟ್ಟಿಗೆ ದಾಖಲೆ ಹೊತ್ತುಕೊಂಡು ಹೋಯಿತು. 2015ರಲ್ಲಿ ಕಂಪನಿಗಳ ಜೊತೆ ರಾಜಿ ಆಗಿ ಜಿಲ್ಲೆಗೆ ವಾಪಸು ಸಿಕ್ಕಿದ್ದು ಸುಮಾರು 64 ಲಕ್ಷ ಡಾಲರ್.

ಎಲ್ಲರೂ ಈ ಕಥೆಯಲ್ಲಿ ಇಮೇಲ್ ಮತ್ತು ಎಫ್‌ಬಿಐ ಬಗ್ಗೆ ಮಾತಾಡುತ್ತಾರೆ. ನನ್ನನ್ನು ಕಾಡುವುದು ಬೇರೆ ವಿಷಯ. ಆ ಐಪ್ಯಾಡ್‌ಗಳಿಗೆ ದುಡ್ಡು ಬಂದದ್ದು ಬಾಂಡ್‌ಗಳಿಂದ. ಶಾಲೆ ಕಟ್ಟಲು, ಇರುವ ಶಾಲೆ ರಿಪೇರಿ ಮಾಡಲು ಅಂತ ಮತದಾರರು ಒಪ್ಪಿಗೆ ಕೊಟ್ಟಿದ್ದ ಸಾಲ ಅದು. ಅಂಥ ಸಾಲವನ್ನು ತೀರಿಸಲು ದಶಕಗಳು ಬೇಕು. ಟ್ಯಾಬ್ಲೆಟ್‌ನ ಆಯಸ್ಸು ಎಷ್ಟು? ಮಕ್ಕಳ ಕೈಯಲ್ಲಿ 3 ವರ್ಷ, ಬಹಳ ಜೋಪಾನ ಮಾಡಿದರೆ 4 ಅಥವಾ 5. ಅಂದರೆ ಆ ಟ್ಯಾಬ್ಲೆಟ್ ಗುಜರಿ ಸೇರಿ, ಅದನ್ನು ಬಳಸಿದ ಹುಡುಗ ದೊಡ್ಡವನಾಗಿ ಕೆಲಸಕ್ಕೆ ಸೇರಿ, ತಾನೇ ತೆರಿಗೆ ಕಟ್ಟಲು ಶುರು ಮಾಡಿದ ಮೇಲೂ ಆ ಸಾಲದ ಕಂತು ಹೋಗುತ್ತಲೇ ಇರುತ್ತದೆ. ಗೋಡೆ, ಸೂರು ಕಟ್ಟಲು ದೀರ್ಘಕಾಲದ ಸಾಲ ಮಾಡುವುದು ಸರಿ, ಗೋಡೆ ಅಷ್ಟು ಕಾಲ ನಿಲ್ಲುತ್ತದೆ. ಬ್ಯಾಟರಿ ಇರುವ ವಸ್ತುವಿಗೆ ಅಷ್ಟು ಉದ್ದದ ಸಾಲ ಮಾಡುವುದನ್ನು ಯಾವ ಮನೆಯವರೂ ಒಪ್ಪುವುದಿಲ್ಲ. ಮಂಡಳಿಗಳು ಒಪ್ಪುತ್ತವೆ. ಆ ಹೊತ್ತಿನಲ್ಲಿ ಕೆಲವು ಶಿಕ್ಷಕರು ಕೆಟ್ಟು ನಿಂತ ಶಾಲಾ ಕಟ್ಟಡಗಳ ಫೋಟೊ ಹಾಕಿ, ಐಪ್ಯಾಡ್ ಬೇಡ, ಮೊದಲು ರಿಪೇರಿ ಮಾಡಿಸಿ ಅಂತ ಕೇಳಿದರು. ಅವರು ಕೇಳಿದ್ದು ಲೆಕ್ಕದ ಪ್ರಶ್ನೆಯನ್ನೇ.

ಸರಿ, ಸಾಲ ಮಾಡದೆ ನಗದು ಕೊಟ್ಟೇ ತಂದಿರಿ ಅಂದುಕೊಳ್ಳೋಣ. ಅಲ್ಲಿಂದ ಮುಂದೆ ಏನೇನು ಬೇಕಾಗುತ್ತದೆ ಅಂತ ಒಮ್ಮೆ ಎಣಿಸಿ ನೋಡಿ. ಎಲ್ಲ ತರಗತಿಗೂ ಸಾಕಾಗುವಷ್ಟು ಪ್ಲಗ್ ಪಾಯಿಂಟ್ ಬೇಕು. ಹಳೆಯ ಕಟ್ಟಡವಾದರೆ ವೈರಿಂಗ್ ಹೊಸದಾಗಿ ಮಾಡಿಸಬೇಕು. ಒಂದೇ ಹೊತ್ತಿಗೆ ನೂರಾರು ಸಾಧನ ಕನೆಕ್ಟ್ ಆದರೂ ಕೈಕೊಡದ ಇಂಟರ್ನೆಟ್ ಬೇಕು. ಚಾರ್ಜ್ ಮಾಡಿಡಲು ಬೀಗ ಹಾಕುವ ಕಪಾಟು, ರಾತ್ರಿ ಕಾವಲು. ಒಡೆದ ಸ್ಕ್ರೀನ್, ಸಡಿಲವಾದ ಚಾರ್ಜಿಂಗ್ ಪಾಯಿಂಟ್, ಕಿತ್ತುಹೋದ ಕೀ. ಅಡಾಪ್ಟರ್ ಅಂತೂ ಎಲ್ಲಿ ಹೋಗುತ್ತವೋ ದೇವರಿಗೇ ಗೊತ್ತು. ಸಾಧನಗಳನ್ನು ನಿಭಾಯಿಸುವ ಸಾಫ್ಟ್‌ವೇರ್, ಬೇಡದ ಜಾಲತಾಣ ತಡೆಯುವ ಫಿಲ್ಟರ್, ಇವೆರಡಕ್ಕೂ ಪ್ರತಿವರ್ಷ ದುಡ್ಡು. ಇದನ್ನೆಲ್ಲ ನೋಡಿಕೊಳ್ಳಲು ಸಂಬಳ ಕೊಟ್ಟು ಇಟ್ಟುಕೊಂಡ ಮನುಷ್ಯ. ಅಂಥವರು ಇಲ್ಲದಿದ್ದರೆ ಆ ಕೆಲಸ ಗಣಿತದ ಮೇಷ್ಟ್ರ ತಲೆ ಮೇಲೆ ಬೀಳುತ್ತದೆ. ಅವರು ಪಾಸ್‌ವರ್ಡ್ ಮರೆತ ಮಕ್ಕಳಿಗೆ ಹೊಸ ಪಾಸ್‌ವರ್ಡ್ ಕೊಡುತ್ತಾ ಕೂತ ಹೊತ್ತು ಯಾವ ಬಿಲ್‌ನಲ್ಲೂ ಬರುವುದಿಲ್ಲ. ಆ ಹೊತ್ತಿಗೂ ಸಂಬಳ ಕೊಟ್ಟಿರುವವರು ನಾವೇ. ಕೊನೆಗೆ ಎಲ್ಲ ಕೆಟ್ಟ ಮೇಲೆ ಸಾವಿರಾರು ಲಿಥಿಯಂ ಬ್ಯಾಟರಿಗಳನ್ನು ಸರಿಯಾಗಿ ವಿಲೇವಾರಿ ಮಾಡುವ ಖರ್ಚು. ಕಸದ ಬುಟ್ಟಿಗೆ ಎಸೆಯುವ ವಸ್ತು ಅಲ್ಲ ಅದು. ಬೆಂಕಿ ಹತ್ತುತ್ತದೆ.

ಮದುವೆ ಖರ್ಚನ್ನು ಲೆಕ್ಕ ಹಾಕಿ ಸಂಸಾರದ ಖರ್ಚನ್ನು ಮರೆತಂತೆ ಇದು.

ಇನ್ನೊಂದು ತಮಾಷೆ ಇದೆ. ಕೆಡದೇ ಇರುವ ಯಂತ್ರವೂ ಮುದಿಯಾಗುತ್ತದೆ. ಶಾಲೆಗಳಲ್ಲಿ ಬಹಳ ಬಳಕೆಯಲ್ಲಿರುವ ಕ್ರೋಮ್‌ಬುಕ್‌ಗಳಿಗೆ, ಅಂದರೆ ಗೂಗಲ್‌ನ ತಂತ್ರಾಂಶದಲ್ಲಿ ಓಡುವ ಲ್ಯಾಪ್‌ಟಾಪ್‌ಗಳಿಗೆ, ಅಪ್‌ಡೇಟ್ ನಿಲ್ಲುವ ದಿನಾಂಕ ಮೊದಲೇ ನಿಗದಿಯಾಗಿರುತ್ತದೆ. ಆ ದಿನಾಂಕ ಲೆಕ್ಕವಾಗುವುದು ಶಾಲೆ ಕೊಂಡ ದಿನದಿಂದ ಅಲ್ಲ, ಆ ಮಾದರಿ ಮೊದಲು ಹೊರಬಂದ ಹೊತ್ತಿನಿಂದ. ಹಾಗಾಗಿ ಅಗ್ಗಕ್ಕೆ ಸಿಕ್ಕಿತು ಅಂತ ಹಳೆಯ ಮಾದರಿ ಕೊಂಡ ಶಾಲೆಗೆ ಉಳಿದದ್ದು ಕೆಲವೇ ವರ್ಷ. ಕೀಲಿಮಣೆ ಸರಿಯಿದೆ, ಸ್ಕ್ರೀನ್ ಸರಿಯಿದೆ, ಆದರೆ ಭದ್ರತೆಯ ಅಪ್‌ಡೇಟ್ ಇಲ್ಲ, ಪರೀಕ್ಷೆಯ ಆ್ಯಪ್ ಓಡುವುದಿಲ್ಲ. 2023ರಲ್ಲಿ ಅಮೆರಿಕದ ಪಿಐಆರ್‌ಜಿ ಅನ್ನುವ ಬಳಕೆದಾರರ ಸಂಘಟನೆ ಒಂದು ಲೆಕ್ಕ ಕೊಟ್ಟಿತು. ಕ್ರೋಮ್‌ಬುಕ್‌ಗಳ ಆಯಸ್ಸನ್ನು ಎರಡು ಪಟ್ಟು ಮಾಡಿದರೆ ಅಲ್ಲಿನ ಸರ್ಕಾರಿ ಶಾಲೆಗಳಿಗೆ 180 ಕೋಟಿ ಡಾಲರ್ ಉಳಿಯಬಹುದು ಅಂತ. ಜನ ಗಲಾಟೆ ಮಾಡಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗೂಗಲ್ 10 ವರ್ಷ ಅಪ್‌ಡೇಟ್ ಕೊಡುವುದಾಗಿ ಹೇಳಿತು. ಗಮನಿಸಿ, ಯಂತ್ರದೊಳಗೆ ಏನೂ ಬದಲಾಗಿಲ್ಲ. ಬದಲಾದದ್ದು ಒಂದು ನಿರ್ಧಾರ. ಅಂದರೆ ಮೊದಲೂ ಅದು ಸಾಧ್ಯವಿತ್ತು, ಕೇಳುವವರಿರಲಿಲ್ಲ ಅಷ್ಟೇ. ಸಾವಿರಗಟ್ಟಲೆ ಯಂತ್ರ ಕೊಳ್ಳುವ ನಿಮ್ಮ ಕೈಯಲ್ಲಿ ಎಷ್ಟು ಶಕ್ತಿ ಇದೆ ಅಂತ ಇದರಿಂದ ಗೊತ್ತಾಗುತ್ತದೆ. ವಿಂಡೋಸ್ 10ದೂ ಇದೇ ಪಾಡು. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಅದಕ್ಕೆ ಬೇಕಾದ ಚಿಪ್ ಹಳೆಯ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಇಲ್ಲ.

ಈಗ ಒಂದೇ ಸಲ ಸಿಗುವ ಅನುದಾನದ ವಿಷಯ. ಕೋವಿಡ್ ಹೊತ್ತಿನಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಶಾಲೆಗಳಿಗೆ ಮೂರು ಕಂತುಗಳಲ್ಲಿ ಸುಮಾರು 19,000 ಕೋಟಿ ಡಾಲರ್ ಕೊಟ್ಟಿತು. ಅದರಲ್ಲಿ ಒಂದು ಪಾಲು ಸಾಧನಗಳಿಗೆ ಹೋಯಿತು. ಆ ಹೊತ್ತಿಗೆ ಅದು ಬೇಕಿತ್ತು, ಶಾಲೆ ಮುಚ್ಚಿತ್ತು. ಆದರೆ ಕೊನೆಯ ಕಂತಿನ ಹಣವನ್ನು ಎಲ್ಲಿಗೆ ಅಂತ ತೀರ್ಮಾನಿಸುವ ಗಡುವು 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅನುದಾನ ನಿಂತಿತು, ಯಂತ್ರಗಳು ಉಳಿದವು. ಇನ್ನು ಅವುಗಳನ್ನು ಬದಲಾಯಿಸುವ, ಲೈಸೆನ್ಸ್ ಮುಂದುವರಿಸುವ ಖರ್ಚನ್ನು ಶಾಲೆ ತನ್ನ ಮಾಮೂಲಿ ಬಜೆಟ್‌ನಿಂದಲೇ ತೆಗೆಯಬೇಕು. ಮಾಮೂಲಿ ಬಜೆಟ್‌ನಲ್ಲಿ ಏನಿರುತ್ತದೆ? ಬಹುಪಾಲು ಸಂಬಳ. ಹಾಗಾಗಿ ಲೈಸೆನ್ಸ್ ಉಳಿಸಿಕೊಳ್ಳಲು ಗ್ರಂಥಪಾಲಕರನ್ನೋ ಸಹಾಯಕ ಶಿಕ್ಷಕರನ್ನೋ ಕೈಬಿಡುವ ಮಾತು ಬರುತ್ತದೆ. ಹೊರಗಿನಿಂದ ಬಂದ ದುಡ್ಡಲ್ಲಿ ತಂದದ್ದು ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಾಲ್ಕನೇ ವರ್ಷದ ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳಿ.

ಇಷ್ಟೆಲ್ಲ ಕೊಟ್ಟು ತಂದದ್ದನ್ನು ಬಳಸುತ್ತಾರಾ? ಯುನೆಸ್ಕೊ 2023ರಲ್ಲಿ ತಂದ ಜಾಗತಿಕ ಶಿಕ್ಷಣ ವರದಿ ಪೂರ್ತಿ ತಂತ್ರಜ್ಞಾನದ ಬಗ್ಗೆಯೇ ಇತ್ತು. ಅದರಲ್ಲಿ ಕೊಟ್ಟ ಒಂದು ಅಂಕಿ ಓದಿ ನಾನು ಎರಡನೇ ಸಲ ಓದಿದೆ. ಅಮೆರಿಕದಲ್ಲಿ ಶಾಲೆಗಳು ಕೊಂಡ ಶೈಕ್ಷಣಿಕ ಸಾಫ್ಟ್‌ವೇರ್ ಲೈಸೆನ್ಸ್‌ಗಳಲ್ಲಿ ಸರಾಸರಿ ಶೇ. 67 ಬಳಕೆಯೇ ಆಗಿರಲಿಲ್ಲ. ಮೂರರಲ್ಲಿ ಎರಡು! ತರಗತಿಯಲ್ಲಿ ಮೂರು ಬೆಂಚು ತಂದು ಎರಡನ್ನು ಹೊರಗೆ ಎಸೆದರೆ ಊರೇ ಬಂದು ಕೇಳುತ್ತದೆ. ಲೈಸೆನ್ಸ್ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ. ಅದೇ ವರದಿಯ ಪ್ರಕಾರ ಇಂಥ ಉತ್ಪನ್ನಗಳು ಸರಾಸರಿ 36 ತಿಂಗಳಿಗೊಮ್ಮೆ ಬದಲಾಗುತ್ತವೆ. ಅಂದರೆ ಮೇಷ್ಟ್ರು ಒಂದನ್ನು ಸರಿಯಾಗಿ ಕಲಿತು, ಅದರಲ್ಲಿ ನಾಲ್ಕು ಪಾಠ ತಯಾರು ಮಾಡಿಟ್ಟುಕೊಳ್ಳುವ ಹೊತ್ತಿಗೆ ಅದು ಹೋಗಿ ಇನ್ನೊಂದು ಬಂದಿರುತ್ತದೆ. ಮತ್ತೆ ತರಬೇತಿ, ಮತ್ತೆ ಊಟದ ಪೊಟ್ಟಣ, ಮತ್ತೆ ಸರ್ಟಿಫಿಕೇಟ್.

ಮತ್ತೆ ಇದರಿಂದ ಕಲಿಕೆ ಆಗುತ್ತದೆ ಅನ್ನುವುದಕ್ಕೆ ಆಧಾರ ಕೇಳುತ್ತೀರಾ? ಅಮೆರಿಕದ 17 ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆಯೊಂದನ್ನು ಅದೇ ವರದಿ ಉಲ್ಲೇಖಿಸುತ್ತದೆ. ಇಂಥದ್ದನ್ನು ತರುವ ಮೊದಲು ತಜ್ಞರು ಪರಿಶೀಲಿಸಿದ ಪುರಾವೆ ಕೇಳಿದವರು ಶಿಕ್ಷಕರು ಮತ್ತು ಆಡಳಿತದವರಲ್ಲಿ ಶೇ. 11 ಮಾತ್ರ. ಬ್ರಿಟನ್ನಿನಲ್ಲಿ ಇಂಥ ಕಂಪನಿಗಳ ಪೈಕಿ ತಮ್ಮ ಉತ್ಪನ್ನದ ಮೇಲೆ ಸರಿಯಾದ ತುಲನಾತ್ಮಕ ಪ್ರಯೋಗ ಮಾಡಿದ್ದು ಶೇ. 7. ಮಾರುವವರು ಪುರಾವೆ ತೋರಿಸುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಹೀಗಾದರೆ ವ್ಯಾಪಾರ ಸಲೀಸು, ಅಲ್ವಾ?

ಕೇಳಿ ನೋಡಿದ ಕಡೆ ಏನು ಕಂಡಿತು ಅಂತಲೂ ಹೇಳಬೇಕು. ಒಂದು ಮಗುವಿಗೆ ಒಂದು ಲ್ಯಾಪ್‌ಟಾಪ್ ಅನ್ನುವ ಯೋಜನೆ ನಿಮಗೆ ನೆನಪಿರಬಹುದು. 2005ರಲ್ಲಿ ಅದನ್ನು ಶುರು ಮಾಡಿದ ಅಮೆರಿಕದ ತಂತ್ರಜ್ಞ ನಿಕೊಲಸ್ ನೆಗ್ರೊಪಾಂಟೆ 100 ಡಾಲರ್‌ಗೆ ಲ್ಯಾಪ್‌ಟಾಪ್ ಕೊಡುತ್ತೇವೆ ಅಂದರು. ಯಂತ್ರ ತಯಾರಾದಾಗ ಬೆಲೆ 200 ಡಾಲರ್‌ಗೆ ಹತ್ತಿರವಾಗಿತ್ತು. ಪೆರು ದೇಶ ಎಲ್ಲರಿಗಿಂತ ದೊಡ್ಡ ಪ್ರಮಾಣದಲ್ಲಿ, 8 ಲಕ್ಷಕ್ಕೂ ಹೆಚ್ಚು ಕೊಂಡಿತು. ಅಂತರ ಅಮೆರಿಕನ್ ಅಭಿವೃದ್ಧಿ ಬ್ಯಾಂಕಿನ ಸಂಶೋಧಕರು ಅಲ್ಲಿನ ಹಳ್ಳಿಗಳ 319 ಶಾಲೆಗಳನ್ನು ಹೋಲಿಸಿ 2012ರಲ್ಲಿ ಫಲಿತಾಂಶ ಹೇಳಿದರು. ಯಂತ್ರಗಳು ತಲುಪಿದ್ದವು. ಒಂದು ಮಗುವಿಗೆ 0.12 ಇದ್ದ ಕಂಪ್ಯೂಟರ್ ಪ್ರಮಾಣ 1.18ಕ್ಕೆ ಏರಿತ್ತು. ಮಕ್ಕಳು ಬಳಸುತ್ತಲೂ ಇದ್ದರು. ಗಣಿತದಲ್ಲಿ, ಭಾಷೆಯಲ್ಲಿ ಮಾತ್ರ ಯಾವ ಸುಧಾರಣೆಯೂ ಕಾಣಲಿಲ್ಲ. ಸಾಮಾನ್ಯ ಬುದ್ಧಿಶಕ್ತಿಯ ಕೆಲವು ಪರೀಕ್ಷೆಗಳಲ್ಲಿ ಅಷ್ಟಿಷ್ಟು ಒಳ್ಳೆಯದಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆದರೆ ಅದೇ ಮಕ್ಕಳ ಮುಂದಿನ ಓದನ್ನು ವರ್ಷಗಳ ನಂತರ ಮತ್ತೆ ನೋಡಿದಾಗಲೂ ಓದಿನಲ್ಲಿ ಲಾಭ ಕಾಣಲಿಲ್ಲ.

2015ರಲ್ಲಿ ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ ಕೂಡ ಇದನ್ನೇ ಇನ್ನೂ ದೊಡ್ಡ ಮಟ್ಟದಲ್ಲಿ ಹೇಳಿತು. ಶಾಲೆಯ ಕಂಪ್ಯೂಟರ್‌ಗಳಿಗೆ ಬಹಳ ಖರ್ಚು ಮಾಡಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನದ ಅಂಕಗಳು ಹೇಳಿಕೊಳ್ಳುವಂತೆ ಸುಧಾರಿಸಿರಲಿಲ್ಲ.

ಇಷ್ಟು ಓದಿದ ಮೇಲೆ ನಾನು ತಂತ್ರಜ್ಞಾನದ ವಿರೋಧಿ, ಹಲಗೆ ಬಳಪದ ಕಾಲಕ್ಕೆ ಹೋಗಲು ಹೇಳುತ್ತಿದ್ದೇನೆ ಅಂತ ನಿಮಗೆ ಅನಿಸಬಹುದು. ಇಲ್ಲ. ದಿಲ್ಲಿಯಲ್ಲಿ ಮೈಂಡ್‌ಸ್ಪಾರ್ಕ್ ಅನ್ನುವ ತಂತ್ರಾಂಶದ ಮೇಲೆ ಒಂದು ಪ್ರಯೋಗ ನಡೆಯಿತು. ಅದರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಶಾಲೆ ಮುಗಿದ ಮೇಲೆ ಕೇಂದ್ರಕ್ಕೆ ಬರುವ ಮಕ್ಕಳು. ಲಾಟರಿ ಎತ್ತಿ ಆರಿಸಿದ್ದರಿಂದ ಹೋಲಿಕೆ ಸರಿಯಾಗಿತ್ತು. ನಾಲ್ಕೂವರೆ ತಿಂಗಳಲ್ಲೇ ಆ ಮಕ್ಕಳು ಗಣಿತ ಮತ್ತು ಹಿಂದಿ ಎರಡರಲ್ಲೂ ಉಳಿದವರಿಗಿಂತ ಚೆನ್ನಾಗಿ ಮುಂದೆ ಹೋದರು. ಯಾಕೆ? ಮಗು ಯಾವ ತರಗತಿಯಲ್ಲಿದೆ ಅಂತ ಆ ತಂತ್ರಾಂಶ ನೋಡಲಿಲ್ಲ, ಅದಕ್ಕೆ ನಿಜವಾಗಿ ಎಷ್ಟು ಬರುತ್ತದೆ ಅಂತ ಪರೀಕ್ಷಿಸಿ ಅಲ್ಲಿಂದ ಶುರು ಮಾಡಿತು. ಎಂಟನೇ ತರಗತಿಯಲ್ಲಿ ಕೂತು ಮೂರನೇ ತರಗತಿಯ ಲೆಕ್ಕದಲ್ಲೇ ತಡವರಿಸುವ ಮಕ್ಕಳು ಇರುವ ಕಡೆ, ಒಬ್ಬ ಶಿಕ್ಷಕರು ನಲವತ್ತು ಮಕ್ಕಳಿಗೆ ನಲವತ್ತು ಮಟ್ಟದ ಪಾಠ ಮಾಡಲಾರರು. ಯಂತ್ರ ಮಾಡಿತು. ಜೊತೆಗೆ ಅಲ್ಲಿ ಗುಂಪಿನಲ್ಲಿ ಹೇಳಿಕೊಡುವ ಒಬ್ಬ ಮನುಷ್ಯ ಕೂಡ ಇದ್ದರು, ಅದನ್ನು ಮರೆಯಬಾರದು.

ಉರುಗ್ವೆಯದೂ ನೋಡಬೇಕಾದ ಕಥೆ. 2007ರಲ್ಲಿ ಶುರುವಾದ ಪ್ಲಾನ್ ಸೇಬಾಲ್ ಕೂಡ ಲ್ಯಾಪ್‌ಟಾಪ್ ಹಂಚುವುದರಿಂದಲೇ ಆರಂಭವಾಯಿತು. ಆದರೆ ಅವರು ಹಂಚಿ ಸುಮ್ಮನಾಗಲಿಲ್ಲ. ರಿಪೇರಿ, ಸಂಪರ್ಕ, ಪಾಠ ಎಲ್ಲ ನೋಡಿಕೊಳ್ಳಲು ಒಂದು ಕಾಯಂ ಸಂಸ್ಥೆ ಕಟ್ಟಿದರು. ಮುಂದೆ, ಇಂಗ್ಲಿಷ್ ಕಲಿಸುವ ಶಿಕ್ಷಕರು ಸಾಕಷ್ಟು ಇಲ್ಲದಾಗ, ದೂರದಲ್ಲಿರುವ ಶಿಕ್ಷಕರು ವಿಡಿಯೊ ಮೂಲಕ ತರಗತಿಗೆ ಬರುವ ವ್ಯವಸ್ಥೆ ಮಾಡಿದರು. ಇಲ್ಲಿ ಸ್ಕ್ರೀನ್ ತಂದದ್ದಕ್ಕೆ ಒಂದು ಕಾರಣ ಇದೆ. ಇಲ್ಲದ ಶಿಕ್ಷಕರನ್ನು ಅದು ತಂದುಕೊಟ್ಟಿತು. ಇರುವ ಶಿಕ್ಷಕರು ಬೋರ್ಡ್ ಮೇಲೆ ಬರೆಯುತ್ತಿದ್ದದ್ದನ್ನೇ ಹತ್ತು ಪಟ್ಟು ದುಬಾರಿ ಬೋರ್ಡ್ ಮೇಲೆ ತೋರಿಸುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ.

ಹಾಗಾಗಿ ನನ್ನ ಮಾತು ಇಷ್ಟು. ಯಾವ ತೊಂದರೆಗೆ ಇದನ್ನು ತರುತ್ತಿದ್ದೀರಿ ಅಂತ ಒಂದು ವಾಕ್ಯದಲ್ಲಿ ಬರೆಯಲು ಆಗದಿದ್ದರೆ ಆ ಕಡತ ವಾಪಸು ಕಳಿಸಿ. ಮಕ್ಕಳನ್ನು ಭವಿಷ್ಯಕ್ಕೆ ಸಜ್ಜುಗೊಳಿಸುವುದು ಅನ್ನುವುದು ಆ ವಾಕ್ಯ ಅಲ್ಲ. ಆರನೇ ತರಗತಿಯ ಇಷ್ಟು ಮಕ್ಕಳಿಗೆ ಭಾಗಾಕಾರ ಬರುವುದಿಲ್ಲ, ಒಂದು ವರ್ಷದಲ್ಲಿ ಅದನ್ನು ಅರ್ಧಕ್ಕೆ ಇಳಿಸಬೇಕು ಅನ್ನುವುದು ಆ ವಾಕ್ಯ. ಹಾಗೆ ಬರೆದ ಕೂಡಲೇ ಅದಕ್ಕೆ ಇನ್ನೂ ಅಗ್ಗದ ದಾರಿ ಇದೆಯಾ ಅಂತ ಕೇಳಲು ಸಾಧ್ಯವಾಗುತ್ತದೆ. ಎಷ್ಟೋ ಸಲ ಇರುತ್ತದೆ. ವಿಶ್ವ ಬ್ಯಾಂಕ್ ಮತ್ತಿತರ ಸಂಸ್ಥೆಗಳು ಸೇರಿ ಕೂರಿಸಿದ ತಜ್ಞರ ಸಮಿತಿಯೊಂದು ಶಿಕ್ಷಣದಲ್ಲಿ ಯಾವ ಖರ್ಚು ಜಾಣತನದ್ದು, ಯಾವುದು ದಂಡ ಅಂತ 2020ರಲ್ಲಿ ಪಟ್ಟಿ ಮಾಡಿತು. ಬೇರೇನೂ ಸರಿಪಡಿಸದೆ ಬರೀ ಯಂತ್ರಗಳನ್ನು ತಂದು ಸುರಿಯುವುದು ದಂಡದ ಸಾಲಿನಲ್ಲಿದೆ. ಬೇರೇನೂ ಮಾಡದೆ ಬರೀ ಪಠ್ಯಪುಸ್ತಕ ಕೊಡುವುದೂ ಅದೇ ಸಾಲಿನಲ್ಲಿದೆ, ಪುಸ್ತಕ ಪ್ರಿಯರು ಬೇಜಾರು ಮಾಡಿಕೊಳ್ಳಬೇಡಿ. ಮಗುವಿನ ಮಟ್ಟಕ್ಕೆ ಸರಿಯಾಗಿ ಪಾಠ ಮಾಡುವುದು, ಶಿಕ್ಷಕರಿಗೆ ಕೈಹಿಡಿದು ನಡೆಸುವಂಥ ಪಾಠಯೋಜನೆ ಕೊಡುವುದು ಒಳ್ಳೆಯ ಖರ್ಚಿನ ಸಾಲಿನಲ್ಲಿವೆ. ಇವುಗಳ ಉದ್ಘಾಟನೆಗೆ ಟೇಪು ಕತ್ತರಿಸಲು ಆಗುವುದಿಲ್ಲ, ಅದೇ ಕಷ್ಟ.

ದುಡ್ಡಿನಲ್ಲಿ ಅಳೆಯಲಾಗದ ಒಂದು ಖರ್ಚು ಇದೆ. ಮಕ್ಕಳ ಮಾಹಿತಿ. ಕೋವಿಡ್ ಹೊತ್ತಿನಲ್ಲಿ ಬಿಟ್ಟಿ ಸಿಕ್ಕಿದ ಆ್ಯಪ್‌ಗಳನ್ನು ಸರ್ಕಾರಗಳೇ ಶಿಫಾರಸು ಮಾಡಿದವು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 49 ದೇಶಗಳ ಸರ್ಕಾರಗಳು ಒಪ್ಪಿದ 160ಕ್ಕೂ ಹೆಚ್ಚು ಇಂಥ ಉತ್ಪನ್ನಗಳನ್ನು ಬಿಚ್ಚಿ ನೋಡಿ 2022ರಲ್ಲಿ ವರದಿ ಕೊಟ್ಟಿತು. ಶೇ. 89ರಷ್ಟು ಉತ್ಪನ್ನಗಳು ಮಕ್ಕಳ ಮಾಹಿತಿಯನ್ನು ಅವರ ಹಕ್ಕಿಗೆ ಧಕ್ಕೆಯಾಗುವ ರೀತಿಯಲ್ಲಿ ನಿಭಾಯಿಸುತ್ತಿದ್ದವು. ಎಷ್ಟೋ ಕಡೆ ಆ ಮಾಹಿತಿ ಜಾಹೀರಾತು ಕಂಪನಿಗಳ ಕೈಗೆ ಹೋಗುತ್ತಿತ್ತು. ಆಮೇಲೆ 2024ರ ಡಿಸೆಂಬರ್‌ನಲ್ಲಿ ಪವರ್‌ಸ್ಕೂಲ್ ಅನ್ನುವ ಕಂಪನಿಯ ಗಣಕದಿಂದ ಕೋಟ್ಯಂತರ ವಿದ್ಯಾರ್ಥಿಗಳ ಮಾಹಿತಿ ಕಳವಾಯಿತು. ಉತ್ತರ ಅಮೆರಿಕದ ಸಾವಿರಾರು ಶಾಲೆಗಳು ಹಾಜರಿ, ಅಂಕಪಟ್ಟಿ ಇಡುವುದು ಅದರಲ್ಲೇ. ಕಂಪನಿ ಕಳ್ಳರಿಗೆ ಹಣ ಕೊಟ್ಟಿತು, ಮಾಹಿತಿ ಅಳಿಸುತ್ತೇವೆ ಅಂತ ಕಳ್ಳರು ಭಾಷೆ ಕೊಟ್ಟರು. ಕೆಲವೇ ತಿಂಗಳಲ್ಲಿ ಅದೇ ಮಾಹಿತಿ ಹಿಡಿದು ಶಾಲೆಗಳಿಗೇ ಬೆದರಿಕೆ ಬರತೊಡಗಿತು. ಕಳ್ಳರ ಮಾತು ನಂಬಿ ದುಡ್ಡು ಕೊಡುವುದು ಅಂದರೆ ಇದೇ. ಟೆಂಡರ್ ಬರೆಯುವಾಗ ಈ ಅಪಾಯಕ್ಕೆ ಎಷ್ಟು ಬೆಲೆ ಹಾಕಿದ್ದಿರಿ? ಮಾಹಿತಿ ಕಳುವಾದರೆ ಜವಾಬ್ದಾರಿ ಯಾರದ್ದು ಅಂತ ಒಪ್ಪಂದದಲ್ಲಿ ಒಂದು ಸಾಲಾದರೂ ಇದೆಯಾ? ಡೆನ್ಮಾರ್ಕಿನ ಹೆಲ್ಸಿಂಗೋರ್ ಪಟ್ಟಣದಲ್ಲಿ 2022ರಲ್ಲಿ ಅಲ್ಲಿನ ಮಾಹಿತಿ ರಕ್ಷಣಾ ಪ್ರಾಧಿಕಾರ ಶಾಲೆಗಳ ಕ್ರೋಮ್‌ಬುಕ್ ಬಳಕೆಯನ್ನೇ ತಡೆದಿತ್ತು, ಸ್ಥಳೀಯ ಆಡಳಿತ ಅಪಾಯವನ್ನು ಸರಿಯಾಗಿ ಅಂದಾಜು ಮಾಡಿಲ್ಲ ಅನ್ನುವ ಕಾರಣಕ್ಕೆ. ಅದಕ್ಕೆ ಮೂಲ ಒಬ್ಬ ಪೋಷಕರು ಕೊಟ್ಟ ದೂರು.

ಹಿಂದೆ ಬಿದ್ದುಬಿಡುತ್ತೇವೆ ಅನ್ನುವ ಭಯ ನಿಮಗಿದೆ, ನನಗೆ ಗೊತ್ತು. ಪಕ್ಕದವರು ಕೊಟ್ಟಿದ್ದಾರೆ, ನಾವು ಕೊಡದಿದ್ದರೆ ಹೇಗೆ ಅಂತ. ಮುಂದೆ ಓಡಿದವರನ್ನೂ ಒಮ್ಮೆ ನೋಡಿ. ಸ್ವೀಡನ್ ತನ್ನ ಶಿಶುವಿಹಾರಗಳಿಗೂ ಡಿಜಿಟಲ್ ಸಾಧನ ಕಡ್ಡಾಯ ಮಾಡಿದ್ದ ದೇಶ. 2023ರಲ್ಲಿ ಶಾಲಾ ಸಚಿವೆ ಲೊಟ್ಟಾ ಎಡ್‌ಹೋಲ್ಮ್ ಆ ದಾರಿಯಿಂದ ಹಿಂದಕ್ಕೆ ಬಂದರು. ಶಾಲೆಗಳಿಗೆ ಅಚ್ಚಾದ ಪುಸ್ತಕ ಕೊಳ್ಳಲು ಆ ವರ್ಷಕ್ಕೆ 68.5 ಕೋಟಿ ಕ್ರೋನರ್ ಎತ್ತಿಟ್ಟರು. ಒಮ್ಮೆ ಪುಸ್ತಕ ಬಿಟ್ಟು ಸ್ಕ್ರೀನ್‌ಗೆ ಕೊಟ್ಟರು, ಈಗ ಮತ್ತೆ ಪುಸ್ತಕಕ್ಕೆ ಕೊಟ್ಟರು. ಸ್ವೀಡನ್ ಶ್ರೀಮಂತ ದೇಶ, ಎರಡು ಸಲ ಕೊಡಬಲ್ಲದು. ಪ್ರಪಂಚದ ನಾಲ್ಕು ಪ್ರಾಥಮಿಕ ಶಾಲೆಗಳಲ್ಲಿ ಒಂದಕ್ಕೆ ಇನ್ನೂ ಕರೆಂಟ್ ಇಲ್ಲ. ಅಂಥ ಶಾಲೆಗಳಿರುವ ಕಡೆ ಒಮ್ಮೆ ಕೈಸುಟ್ಟುಕೊಂಡರೆ ಎರಡನೇ ಸಲ ಕೊಡಲು ದುಡ್ಡೇ ಇರುವುದಿಲ್ಲ.

ಇದು ಹೊಸ ಚಾಳಿಯೂ ಅಲ್ಲ. 1964ರಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳಾದ ಅಮೆರಿಕನ್ ಸಮೋವಾದ ಶಾಲೆಗಳಲ್ಲಿ ಟಿವಿಯನ್ನೇ ಮುಖ್ಯ ಮೇಷ್ಟ್ರು ಮಾಡಿದ್ದರು. 1970ರ ದಶಕದಲ್ಲಿ ಅದು ಮೂಲೆ ಸೇರಿತು.

ಕೊನೆಗೆ, ನನಗೆ ಬೇಕಾದದ್ದನ್ನು ನೇರವಾಗಿ ಹೇಳುತ್ತೇನೆ. ಪ್ರತಿ ಪ್ರಸ್ತಾವದ ಜೊತೆ ಸಾಧನದ ಪೂರ್ತಿ ಆಯಸ್ಸಿನ ಖರ್ಚು ಒಂದೇ ಹಾಳೆಯಲ್ಲಿ ಇರಲಿ, ಒಂದು ಮಗುವಿಗೆ ಒಂದು ವರ್ಷಕ್ಕೆ ಎಷ್ಟು ಅನ್ನುವ ರೂಪದಲ್ಲಿ. ಬದಲಾಯಿಸುವ ವರ್ಷ ಮತ್ತು ಆ ದುಡ್ಡಿನ ಮೂಲ ಬರೆದಿರಲಿ. ಅಪ್‌ಡೇಟ್ ಎಂದು ನಿಲ್ಲುತ್ತದೆ ಅನ್ನುವ ದಿನಾಂಕ ಟೆಂಡರ್‌ನಲ್ಲೇ ಇರಲಿ. ಬಿಡಿಭಾಗ ಸಿಗುವ, ಹೊರಗಿನ ಮೆಕ್ಯಾನಿಕ್ ಕೂಡ ಬಿಚ್ಚಿ ರಿಪೇರಿ ಮಾಡಬಹುದಾದ ಯಂತ್ರವೇ ಬೇಕು ಅಂತ ಹೇಳಿ. ಸಾಧನದ ಆಯಸ್ಸಿಗಿಂತ ಉದ್ದದ ಸಾಲ ಬೇಡ. ಅದೇ ದುಡ್ಡಲ್ಲಿ ಬೇರೆ ಏನು ಮಾಡಬಹುದಿತ್ತು, ಅದನ್ನು ಯಾಕೆ ಬಿಟ್ಟಿರಿ ಅನ್ನುವುದನ್ನೂ ಬರೆಯಿರಿ. ನಿಮ್ಮ ಉತ್ತರ ನನಗೆ ಒಪ್ಪಿಗೆಯಾಗಬೇಕು ಅಂತ ಇಲ್ಲ. ಬರೆದದ್ದು ಇದ್ದರೆ ನಾಳೆ ಬಂದು ಕೇಳಬಹುದು.

ಎಲ್ಲ ಶಾಲೆಗಳಿಗೂ ಒಂದೇ ಸಲ ಕೊಡಬೇಡಿ. ಮೊದಲು ಕೆಲವು ಶಾಲೆಗಳಿಗೆ ಕೊಡಿ, ಅಂಥದ್ದೇ ಇನ್ನು ಕೆಲವು ಶಾಲೆಗಳನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಎಷ್ಟು ಲೈಸೆನ್ಸ್ ತೆರೆದರು, ಎಷ್ಟು ಯಂತ್ರ ರಿಪೇರಿಗೆ ಹೋದವು, ಎಷ್ಟು ವಾಪಸು ಬಂದವು, ಶಿಕ್ಷಕರ ಎಷ್ಟು ಹೊತ್ತು ಇದಕ್ಕೆ ಹೋಯಿತು, ಯಾವ ಮಕ್ಕಳಿಗೆ ಏನು ಬಂತು ಅನ್ನುವುದನ್ನು ವರ್ಷದ ಕೊನೆಗೆ ಶಾಲಾವಾರು ಪ್ರಕಟಿಸಿ. ಅಳೆಯುವವರು ಯಂತ್ರ ಮಾರಿದ ಕಂಪನಿಯವರು ಆಗಿರಬಾರದು. ಆ ವರದಿ ಹೊರಬರುವ ತನಕ ಎರಡನೇ ಹಂತದ ಹಣ ಬಿಡುಗಡೆ ಮಾಡಬೇಡಿ, ಮೇಲಿನಿಂದ ಎಷ್ಟೇ ಒತ್ತಡ ಬಂದರೂ.

ಇಂತಿ,
ತೆರಿಗೆ ಕಟ್ಟುವ ಒಬ್ಬ ಪೋಷಕ